ಸೊನ್ನೆಯಾಚೆಯ ಸಾಲುಗಳು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಮುಖ್ಯ ಅತಿಥಿಗಳಾಗಿ ಬಂದಿರುವ ನಮ್ಮ ನಿವೃತ್ತ ಮಾರಾಟ ಮುಖ್ಯಸ್ಥರೇ, ಬೀಗದ ಕಾರ್ಖಾನೆಯ ಸಕಲ ವಿಭಾಗಗಳ ಸಹೋದ್ಯೋಗಿಗಳೇ, ಕಾಫಿಗೆಂದು ಬಂದು ಭಾಷಣಕ್ಕೆ ಸಿಕ್ಕಿಹಾಕಿಕೊಂಡಿರುವ ಸಭಿಕರೇ,

ಒಂದು ಐತಿಹಾಸಿಕ ಘೋಷಣೆಯೊಂದಿಗೆ ಮಾತು ಆರಂಭಿಸುತ್ತೇನೆ. ಬರುವ ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಸರಿಯಾಗಿ, ಈ ಕಾರ್ಖಾನೆಯ ನಲವತ್ತೆರಡು ವರ್ಷಗಳ ಚರಿತ್ರೆಯಲ್ಲಿ ಮೊಟ್ಟಮೊದಲ ಬಾರಿಗೆ, ಒಂದು ಕರಿಯ ವಜ್ರಾಕೃತಿ, ಅದರ ಹೊಟ್ಟೆಯೊಳಗೆ ಒಂದು ಬಿಳಿಯ ಪ್ರಶ್ನಾರ್ಥಕ ಚಿಹ್ನೆ, ನಿಮ್ಮ ಇಮೇಲುಗಳಲ್ಲಿ ಕಾಣಿಸಿಕೊಳ್ಳಲಿದೆ. ಗಾತ್ರದಲ್ಲಿ ಅದು ಒಂದು ಎಳ್ಳುಕಾಳಿನಷ್ಟು.

ಚಪ್ಪಾಳೆಗೆಂದು ಸ್ವಲ್ಪ ಜಾಗ ಬಿಟ್ಟಿದ್ದೆ. ಪರವಾಗಿಲ್ಲ. ಮುಂದುವರಿಯುತ್ತೇನೆ.

ನಿವೃತ್ತಿಯ ದಿನ ಎಲ್ಲರೂ ಕಣ್ಣೀರು ಹಾಕುತ್ತಾರೆ, ಇವನೇನಪ್ಪಾ ಚಿಹ್ನೆ ಹಾಕುತ್ತಾನೆ ಎಂದು ನಿಮಗೆ ಅನ್ನಿಸಬಹುದು. ಅನ್ನಿಸಲಿ. ಇಪ್ಪತ್ತಾರು ವರ್ಷ ನಾನು ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಕೂತು ಈ ಕಾರ್ಖಾನೆಗೆ ಬರುವ, ಇಲ್ಲಿಂದ ಹೋಗುವ ಪ್ರತಿಯೊಂದು ಇಮೇಲನ್ನೂ ಕಾದಿದ್ದೇನೆ. ಓದಿದ್ದೇನೆ ಎನ್ನಲಿಲ್ಲ, ಕಾದಿದ್ದೇನೆ ಎಂದೆ. ಲೆಕ್ಕಪತ್ರ ವಿಭಾಗದವರು ಗಾಬರಿಯಾಗಬೇಕಿಲ್ಲ. ಕಿಟಕಿಯಿಲ್ಲದ ಕೋಣೆ. ಒಂದು ಕುರ್ಚಿ, ಗೊರಕೆ ಹೊಡೆಯುವ ಎರಡು ಯಂತ್ರಗಳು, ಬಾಗಿಲಿಗೊಂದು ಬೀಗ. ಆ ಬೀಗ ಮಾತ್ರ ಬೇರೆ ಕಂಪನಿಯದು.

ಅಧ್ಯಕ್ಷರಿಗೆ ಈ ವಿಷಯ ಈಗಷ್ಟೇ ತಿಳಿಯುತ್ತಿದೆ ಎಂದು ಅವರ ಮುಖ ಹೇಳುತ್ತಿದೆ. ಏನು ಮಾಡಲಿ ಸ್ವಾಮಿ? ಮೊದಲು ನಮ್ಮ ಏಳನೇ ನಂಬರ್ ಬೀಗವನ್ನೇ ಹಾಕಿದ್ದೆ. ಮೂರನೇ ವಾರಕ್ಕೆ ಅದು ಕಚ್ಚಿಕೊಂಡಿತು. ನಾನು ಹೊರಗೆ, ಯಂತ್ರ ಒಳಗೆ, ಎರಡು ಗಂಟೆ ಇಡೀ ಕಾರ್ಖಾನೆಗೆ ಇಮೇಲಿಲ್ಲ. ದುರಸ್ತಿ ವಿಭಾಗದ ಹಿರಿಯರು, ಅಗೋ ಎರಡನೇ ಸಾಲಿನಲ್ಲಿ ಕೂತಿದ್ದಾರೆ, ಜೇಬಿನಿಂದ ತಮ್ಮ ಡಬ್ಬಿ ತೆಗೆದು ಕೀಲಿಕಿಂಡಿಗೆ ಚಿಟಿಕೆ ಗ್ರಾಫೈಟ್ ಪುಡಿ ಊದಿದರು. "ಎಣ್ಣೆ ಹಾಕ್ಬೇಡಪ್ಪ, ಎಣ್ಣೆಗೆ ಧೂಳು ಅಂಟುತ್ತೆ. ಪುಡಿ ಊದಿ, ಒಂದು ನಿಮಿಷ ಸುಮ್ನಿದ್ದು, ಆಮೇಲೆ ತಿರುಗ್ಸು" ಎಂದರು. ತೆರೆಯಿತು. ಆದರೂ ನಾನು ಮರುದಿನವೇ ಪಕ್ಕದ ಬೀದಿಯ ಅಂಗಡಿಯಿಂದ ಬೇರೆ ಬೀಗ ತಂದೆ. ಒಂದು ಸಲ ಕೈಕೊಟ್ಟದ್ದನ್ನು ಮತ್ತೆ ನಂಬುವವನಲ್ಲ ನಾನು. ಆಗ ಇದು ನನ್ನ ಗುಣ ಎಂದುಕೊಂಡಿದ್ದೆ.

ಇರಲಿ. ಚಿಹ್ನೆಗೆ ಬರೋಣ.

ಸಭಿಕರೇ, ಇಮೇಲೆಂದರೆ ಏನು? ನೀವು "ನಮಸ್ಕಾರ" ಎಂದು ಬರೆದರೆ ತಂತಿಯಲ್ಲಿ ಹರಿಯುವುದು ನಮಸ್ಕಾರವಲ್ಲ, ಬರೀ ಸಂಖ್ಯೆಗಳು. ಆ ಕಡೆಯ ಯಂತ್ರ ಅವನ್ನು ಓದಿ ಮತ್ತೆ ನಮಸ್ಕಾರ ಮಾಡಿಕೊಳ್ಳುತ್ತದೆ. ಎರಡೂ ಕಡೆಯವರು ಒಂದೇ ಪಟ್ಟಿ ನೋಡಿ ಓದಿದರೆ ಸುಖ. ಕೆಲವೊಮ್ಮೆ ಆ ಕಡೆಯ ಯಂತ್ರ ಹಳೆಯದಿರುತ್ತದೆ, ಅಥವಾ ಅದಕ್ಕೆ ತಲೆ ಕೆಟ್ಟಿರುತ್ತದೆ. ಪಟ್ಟಿಯಲ್ಲೇ ಇಲ್ಲದ, ಪತ್ರದಲ್ಲಿ ಇರಲೇಬಾರದ ಒಂದು ಸಂಖ್ಯೆಯನ್ನು ಮಧ್ಯೆ ತುರುಕಿ ಕಳಿಸುತ್ತದೆ. ಇದಕ್ಕೆ ನಾವು ಅಮಾನ್ಯ ಅಕ್ಷರ ಎನ್ನುತ್ತೇವೆ. ನಮ್ಮ ಮುಂದಿರುವ ಪ್ರಶ್ನೆ ಇಷ್ಟೇ: ಮಾನ್ಯರ ನಡುವೆ ಒಬ್ಬ ಅಮಾನ್ಯ ಬಂದು ಬಾಗಿಲು ತಟ್ಟಿದರೆ ಕಾವಲುಗಾರ ಏನು ಮಾಡಬೇಕು?

ಮೊದಲ ವರ್ಷಗಳಲ್ಲಿ ನಾನು ಶಿಸ್ತಿನ ಸಿಪಾಯಿ. ಒಂದೇ ಒಂದು ಕೆಟ್ಟ ಅಕ್ಷರವಿದ್ದರೂ ಇಡೀ ಪತ್ರವನ್ನು ಕಾರಣ ಬರೆದು ಹಿಂದಕ್ಕೆ ಅಟ್ಟುತ್ತಿದ್ದೆ. ಆಗ ಇಂದಿನ ಮುಖ್ಯ ಅತಿಥಿಗಳು ನನ್ನ ಕೋಣೆಗೆ ಬಂದು, ಕೂರದೆ, ಹೇಳಿದರು: "ಏನ್ರೀ, ಗಿರಾಕಿ ಎಂಟುನೂರು ಬೀಗ ಕೇಳಿ ಬರೆದ್ರೆ ಅಕ್ಷರ ಸರಿಯಿಲ್ಲ ಅಂತ ವಾಪಸ್ ಕಳಿಸ್ತೀರಲ್ಲ, ನೀವೇನು ಶಾಲೆ ಮೇಷ್ಟ್ರಾ?" ಅವರು ನಗುತ್ತಿದ್ದಾರೆ. ಆ ದಿನ ನಗುತ್ತಿರಲಿಲ್ಲ.

ಸರಿ, ಕಾನೂನು ಬದಲಿಸಿದೆ. ಕೆಟ್ಟ ಅಕ್ಷರ ಬಂದ ಕಡೆ ಒಂದು ಪ್ರಶ್ನಾರ್ಥಕ ಹಾಕಿ ಪತ್ರವನ್ನು ಒಳಗೆ ಬಿಟ್ಟೆ. ಆರು ತಿಂಗಳಾಗಲಿಲ್ಲ, ಅಂದಿನ ನಿರ್ದೇಶಕರಿಗೆ ವಿದೇಶದಿಂದ ಒಂದು ಸನ್ಮಾನಪತ್ರ ಬಂತು. "ಪ್ರಿಯ" ಎಂದಿತ್ತು, ಮುಂದೆ ಹೆಸರಿರಬೇಕಾದ ಕಡೆ ಹದಿಮೂರು ಪ್ರಶ್ನಾರ್ಥಕ ಚಿಹ್ನೆ. "ನನ್ನ ಬಗ್ಗೆ ಅವರಿಗೆ ಇಷ್ಟೊಂದು ಅನುಮಾನವೇ?" ಎಂದು ಅವರು ಕೇಳಿದರು. ಮತ್ತೆ ದೂರು.

ಆಗ, ಸಭಿಕರೇ, ಕೆಲಸಕ್ಕೆ ಸೇರಿದ ಏಳನೇ ವರ್ಷ, ನನ್ನ ಜೀವನದ ಅತ್ಯಂತ ಜಾಣ ಸಾಲನ್ನು ನಾನು ಬರೆದೆ. ಕೆಟ್ಟದ್ದು ಕಂಡರೆ ತೆಗೆದುಹಾಕು. ತೆಗೆದ ಗುರುತು ಉಳಿಸಬೇಡ. ಬರೆದವರಿಗೂ ಹೇಳಬೇಡ, ಓದುವವರಿಗೂ ಹೇಳಬೇಡ.

ಮರುದಿನದಿಂದ ದೂರು ನಿಂತವು. ಎಲ್ಲರ ಪತ್ರಗಳೂ ತೊಳೆದಿಟ್ಟ ತಟ್ಟೆಯ ಹಾಗೆ ಬರತೊಡಗಿದವು. ನೀವು ನನಗೆ ಪ್ರೀತಿಯಿಂದ ಜರಡಿ ಸಾಹೇಬರು ಎಂದು ಹೆಸರಿಟ್ಟಿರಿ. ಬೆನ್ನ ಹಿಂದೆ ಕರೆಯುತ್ತಿದ್ದಿರಿ, ಆದರೆ ಮೆಟ್ಟಿಲ ಕೆಳಗಿನ ಕೋಣೆಗೆ ಎಲ್ಲವೂ ಕೇಳಿಸುತ್ತದೆ. ಇಂದು ಅಧ್ಯಕ್ಷರು ನನಗೆ ಕೊಟ್ಟ ಫಲಕದ ಮೇಲೆ ಕೆತ್ತಿದೆ: "ಹತ್ತೊಂಬತ್ತು ವರ್ಷ, ಒಂದೂ ದೂರಿಲ್ಲದ ಸೇವೆ." ಕೆತ್ತನೆ ಬಹಳ ಚೆನ್ನಾಗಿದೆ. ಬೀಗಕ್ಕೆ ನಂಬರ್ ಕೆತ್ತುವ ವಿಭಾಗದವರೇ ಕೆತ್ತಿದ್ದಾರಂತೆ.

ಈ ಫಲಕದ ಬಗ್ಗೆ ನನಗೆ ಎರಡು ಮಾತಿದೆ. ಮೊದಲನೆಯದು ಪ್ಯಾಕಿಂಗ್ ವಿಭಾಗದ ಮೇಸ್ತ್ರಿಗಳಿಗೆ.

ಮೇಸ್ತ್ರಿಗಳೇ, ಹಾಸ್ಟೆಲ್ಲಿನ ಇನ್ನೂರು ಬೀಗ ನೆನಪಿದೆಯಾ? ಪಾಪ, ಮರೆಯುವುದುಂಟೇ! ವಾರ್ಡನ್ ಇನ್ನೂರು ಬೀಗ ಬೇಕೆಂದು ಬರೆದಿದ್ದರು, ನೀವು ಇನ್ನೂರು ಕಳಿಸಿದಿರಿ, ಇನ್ನೂರಕ್ಕೂ ಬೇರೆ ಬೇರೆ ಕೀಲಿ. ಆಮೇಲೆ ಆ ಮಹಾನುಭಾವರು ಒಂದು ಚೀಲದ ತುಂಬ ಕೀಲಿ ಹೊತ್ತು ಇದೇ ಸಭಾಂಗಣದವರೆಗೆ ಬಂದು ನೆಲದ ಮೇಲೆ ಸುರಿದರು. "ಎಲ್ಲಕ್ಕೂ ಹೊಂದೋ ಒಂದು ಕೀ ಕೊಡಿ ಅಂತ ಎರಡನೇ ಪ್ಯಾರಾದಲ್ಲಿ ಬರೆದಿದ್ದೆ" ಎಂದರು ಅವರು. "ಎರಡನೇ ಪ್ಯಾರಾನೇ ಇಲ್ಲ ಸ್ವಾಮಿ" ಎಂದಿರಿ ನೀವು. ಇಬ್ಬರೂ ನಿಜ ಹೇಳುತ್ತಿದ್ದಿರಿ. ನಿಮಗೆ ಎಚ್ಚರಿಕೆ ಪತ್ರ ಕೊಟ್ಟರು. ಎರಡನೇ ಪ್ಯಾರಾ ತಿಂದದ್ದು ನನ್ನ ಜಾಣ ಸಾಲು. ನನಗೆ ಇದು ಗೊತ್ತಾಗಿ ಇನ್ನೂ ಒಂದು ತಿಂಗಳಾಗಿಲ್ಲ. ಅಧ್ಯಕ್ಷರೇ, ಆ ಎಚ್ಚರಿಕೆ ಪತ್ರವನ್ನು ಅವರ ಕಡತದಿಂದ ತೆಗೆದು ನನ್ನ ಕಡತದಲ್ಲಿ ಹಾಕಬೇಕೆಂದು ಕೋರುತ್ತೇನೆ. ನನ್ನ ಕಡತ ಹೇಗೂ ಇಂದು ಮುಚ್ಚುತ್ತದೆ, ಜಾಗ ಬೇಕಾದಷ್ಟಿದೆ.

ಎರಡನೇ ಪ್ಯಾರಾ ಯಾಕೆ ಹೋಯಿತು? ಅಮಾನ್ಯ ಅಕ್ಷರಗಳಲ್ಲಿ ಸೊನ್ನೆ ಎಂಬುದೊಂದಿದೆ, ನಾವು ಲೆಕ್ಕದಲ್ಲಿ ಬರೆಯುವ ಸೊನ್ನೆಯಲ್ಲ. ಪರದೆಯ ಮೇಲೆ ಕಾಣುವುದಿಲ್ಲ. ಕೆಲವು ಹಳೆಯ ಬರವಣಿಗೆಯ ಸಾಫ್ಟ್‌ವೇರ್‌ಗಳು ಮೊದಲ ಪ್ಯಾರಾ ಮುಗಿದ ಕೂಡಲೇ ಅದನ್ನು ಸದ್ದಿಲ್ಲದೆ ಉದುರಿಸಿಬಿಡುತ್ತವೆ. ನನ್ನ ಯಂತ್ರಕ್ಕೆ ಸೊನ್ನೆ ಕಂಡರೆ "ಇಲ್ಲಿಗೆ ಪತ್ರ ಮುಗಿಯಿತು" ಎಂದರ್ಥ. ಆಮೇಲೆ ಇರುವುದೆಲ್ಲ ಅದರ ಪಾಲಿಗೆ ಕಸ. ಕಸ ತೆಗೆದ ಗುರುತು ಉಳಿಸಬೇಡ ಎಂದು ನಾನೇ ಹೇಳಿಕೊಟ್ಟಿದ್ದೆನಲ್ಲ, ಉಳಿಸಲಿಲ್ಲ. ನನ್ನಷ್ಟೇ ವಿಧೇಯ ಯಂತ್ರ.

ಇದು ತಿಳಿದದ್ದು ನನ್ನ ಸ್ಥಾನಕ್ಕೆ ಬಂದಿರುವ ಇಂಜಿನಿಯರಮ್ಮನಿಂದ. ಹೊಸ ಯಂತ್ರ ತರಿಸಿ, ಕಾನೂನು ವಿಭಾಗದವರ ಒತ್ತಾಯಕ್ಕೆ ನಾವು ತೆಗೆದಿಟ್ಟಿದ್ದ ಮೂಲ ಪ್ರತಿಗಳನ್ನೆಲ್ಲ ಅದರ ಮೂಲಕ ಹಾಯಿಸಿ, ಹಳೆಯದಕ್ಕೂ ಹೊಸದಕ್ಕೂ ಉದ್ದ ತಾಳೆ ನೋಡಿದರು. ಮೂರು ವಾರದ ಹಿಂದೆ, ಮಧ್ಯಾಹ್ನ ಊಟದ ಡಬ್ಬಿ ತೆರೆಯುತ್ತಿದ್ದೆ, ಬಂದರು.

"ಸರ್, ಹಳೇ ಯಂತ್ರ ಬಾಲ ಕತ್ತರಿಸಿರೋ ಪತ್ರಗಳ ಪಟ್ಟಿ ಇದು. ಮುಕ್ಕಾಲು ಪಾಲು ಜಾಹೀರಾತು. ಆದ್ರೆ ಒಂದೇ ವಿಳಾಸದಿಂದ ನೂರ ಮೂವತ್ತೊಂದಿದೆ. ಎಲ್ಲಾ ನಿಮಗೇ ಬಂದಿರೋದು. ನಾನು ಓದಿಲ್ಲ ಸರ್. ಉದ್ದ ಮಾತ್ರ ನೋಡಿದೆ. ಮೂರು ಸಾಲು ಅಂತ ನಿಮಗೆ ಬಂದಿರೋದು ನಿಜಕ್ಕೂ ತೊಂಬತ್ತು ಸಾಲು. ಯಾರದು ಸರ್ ಈ ವಿಳಾಸ?"

ನಮ್ಮ ಅಕ್ಕನದು.

ಸಭಿಕರೇ, ಫಲಕದ ಬಗ್ಗೆ ನನ್ನ ಎರಡನೇ ಮಾತು ಇದೇ. ಸಾರ್ವಜನಿಕ ಸಮಾರಂಭದಲ್ಲಿ ಮನೆ ವಿಷಯ ಎತ್ತಬಾರದೆಂದು ನನಗೆ ಗೊತ್ತು. ನಿನ್ನೆ ಬರೆದಿಟ್ಟ ಭಾಷಣದಲ್ಲಿ ಇದು ಇರಲಿಲ್ಲ. ಯಂತ್ರಗಳ ನಿರ್ವಹಣೆಯ ಬಗ್ಗೆ ನಾಲ್ಕು ಪುಟವಿತ್ತು. ಆ ನಾಲ್ಕು ಪುಟ ಇಲ್ಲೇ ಜೇಬಿನಲ್ಲಿದೆ, ಬೇಕಾದವರು ಆಮೇಲೆ ಕೇಳಿ. ಯಾರೂ ಕೇಳುವುದಿಲ್ಲ, ಗೊತ್ತು.

ನಮ್ಮ ಅಕ್ಕ ಒಂದು ಸಣ್ಣ ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷೆ ಮಾಡಿ ನಿವೃತ್ತಳಾದವಳು. ನನಗಿಂತ ಒಂಬತ್ತು ವರ್ಷ ದೊಡ್ಡವಳು. ಹನ್ನೊಂದು ವರ್ಷದ ಹಿಂದೆ ನಮ್ಮ ಅಮ್ಮ ಆಸ್ಪತ್ರೆಯಲ್ಲಿದ್ದಾಗ ಅವಳು ಪಕ್ಕದಲ್ಲಿದ್ದಳು, ನಾನಿರಲಿಲ್ಲ. ಇಲ್ಲಿ ಯಂತ್ರ ಬದಲಿಸುತ್ತಿದ್ದೆವು. ಹೋಗುವಷ್ಟರಲ್ಲಿ ಅಮ್ಮ ಇರಲಿಲ್ಲ, ಒಂದು ದಿನ ತಡವಾಗಿತ್ತು. ಒಂದು ದಿನ. ಆಮೇಲೆ ಫೋನಿನಲ್ಲಿ ಜಗಳ. "ನಿಂಗೆ ಊರವರ ಕಾಗದ ಮುಖ್ಯ, ಹೆತ್ತವಳಲ್ಲ" ಎಂದಳು. ನಾನೂ ಏನೇನೋ ಅಂದೆ. ಅದು ಮೈಕಿನಲ್ಲಿ ಹೇಳುವಂಥದ್ದಲ್ಲ. ಕೊನೆಗೆ ಅವಳೇ ಹೇಳಿದಳು: "ಇನ್ಮೇಲೆ ನಿನ್ ಹತ್ರ ಫೋನಲ್ಲಿ ಮಾತಾಡಲ್ಲ ಕಣೋ. ಬಾಯಿಗೆ ಬಂದಿದ್ದು ಬರುತ್ತೆ. ಹೇಳೋದಿದ್ರೆ ಸಮಾಧಾನವಾಗಿ ಯೋಚಿಸಿ ಬರೀತೀನಿ."

ಮುಂದಿನ ತಿಂಗಳು ಬರೆದಳು. ನನಗೆ ಬಂದದ್ದು ಇಷ್ಟು: "ಪ್ರೀತಿಯ ತಮ್ಮನಿಗೆ, ನಾನು ಚೆನ್ನಾಗಿದ್ದೇನೆ. ನೀನೂ ಚೆನ್ನಾಗಿದ್ದೀಯ ಎಂದು ತಿಳಿದಿದ್ದೇನೆ." ಮುಗಿಯಿತು. "ಇಂತಿ ನಿನ್ನ ಅಕ್ಕ" ಎಂದು ಕೂಡ ಇಲ್ಲ.

ಸಮಾಧಾನವಾಗಿ ಯೋಚಿಸಿ ಬರೆದದ್ದು ಇದೇನಾ? ನನಗೆ ಉರಿಯಿತು. ನಾನೇನು ಕಡಿಮೆಯವನೇ? "ನಾನೂ ಚೆನ್ನಾಗಿದ್ದೇನೆ" ಎಂದು ಉತ್ತರಿಸಿದೆ. ಬಂದ ಪತ್ರವನ್ನು ಉತ್ತರದ ಕೆಳಗೆ ಬಾಲದಂತೆ ಅಂಟಿಸಿ ಕಳಿಸುವುದು ಅಶಿಸ್ತು ಎಂದು ಅದನ್ನೂ ಅಳಿಸುತ್ತಿದ್ದೆ. ಅಂಟಿಸಿದ್ದರೆ ತನ್ನ ಪತ್ರ ಪೂರ್ತಿ ತಲುಪಿಲ್ಲವೆಂದು ಮೊದಲ ತಿಂಗಳೇ ಅವಳಿಗೆ ಗೊತ್ತಾಗುತ್ತಿತ್ತು. ಹೀಗೆ ತಿಂಗಳಿಗೊಂದು ಪತ್ರ, ತಿಂಗಳಿಗೊಂದು ಉತ್ತರ. "ನಿಮ್ಮಕ್ಕ ಏನ್ರಿ, ತಂತಿ ಸಂದೇಶದ ಹಾಗೆ ಪದ ಎಣಿಸಿ ಬರೀತಾರಾ?" ಎಂದು ನನ್ನಾಕೆ ಕೇಳಿದರೆ, "ಅದು ನಮ್ಮ ಮನೆತನದ ಸ್ವಾಭಿಮಾನ" ಎನ್ನುತ್ತಿದ್ದೆ. ಎರಡು ಮದುವೆಗಳಲ್ಲಿ ಎದುರಾದೆವು. ಅವಳು ನನ್ನ ಮುಖವನ್ನೇ ನೋಡುತ್ತ ನಿಂತಳು, ನಾನು ಏನೋ ಹೇಳಲಿ ಎಂಬಂತೆ. ಎಷ್ಟು ಬಿಗುಮಾನ ನೋಡಿ ಎಂದುಕೊಂಡು ನಾನು ಕೈ ತೊಳೆಯಲು ಹೋದೆ.

ಬೇರೊಂದು ಇಮೇಲ್ ವಿಳಾಸ ಇಟ್ಟುಕೊಳ್ಳಬಹುದಿತ್ತು. ಇಡಲಿಲ್ಲ. ನನ್ನ ಯಂತ್ರವೊಂದನ್ನು ಬಿಟ್ಟು ಜಗತ್ತಿನ ಯಾವ ಯಂತ್ರದ ಮೇಲೂ ನನಗೆ ನಂಬಿಕೆಯಿರಲಿಲ್ಲ.

ನೂರ ಮೂವತ್ತೊಂದು ಪತ್ರ. ದಿನಕ್ಕೆ ಹನ್ನೆರಡರಂತೆ ಓದಿದೆ, ಕೊನೆಯ ದಿನ ಹನ್ನೊಂದು.

ಮೂರನೇ ಪತ್ರದಲ್ಲಿ ಬರೆದಿದ್ದಳು: "ಅವತ್ತು ಹಾಗೆ ಅನ್ನಬಾರದಿತ್ತು ಕಣೋ. ಅಮ್ಮ ನಿನ್ನ ಮೇಲೆ ಬೇಜಾರು ಮಾಡ್ಕೊಂಡಿರಲಿಲ್ಲ. ನರ್ಸಮ್ಮನಿಗೆ ದಿನಾ ಹೇಳ್ತಿದ್ಲು, ನನ್ ಮಗ ಎಲ್ಲರ ಕಾಗದ ಕಾಯ್ತಾನೆ, ಒಂದೂ ಕಳೆಯಕ್ಕೆ ಬಿಡಲ್ಲ ಅಂತ."

ಒಂದು ಲೋಟ ನೀರು ಕೊಡಿ. ಬೇಡ, ಇಲ್ಲೇ ಇದೆ, ಇದೇ ಸಾಕು.

ಉಳಿದ ಪತ್ರಗಳಲ್ಲಿ ಏನಿದೆ? ಏನೂ ಇಲ್ಲ, ಎಲ್ಲ ಇದೆ. ಪಕ್ಕದ ಮನೆಯ ದರ್ಜಿಯ ಬೆಕ್ಕು ಮೂರು ಸಲ ಮರಿ ಹಾಕಿದೆ. ಅಡುಗೆಮನೆಯ ನಲ್ಲಿ ಸೋರುತ್ತದೆ. ಕಂಪ್ಯೂಟರಿನಲ್ಲಿ ಅಕ್ಷರ ದೊಡ್ಡದು ಮಾಡುವುದು ಹೇಗೆ ಎಂದು ಆರು ಪತ್ರಗಳಲ್ಲಿ ಕೇಳಿದ್ದಾಳೆ. ಅವಳ ತಮ್ಮನ ವೃತ್ತಿ ಏನೆಂದು ನಿಮಗೆ ಜ್ಞಾಪಕವಿದೆಯಲ್ಲ? ಮತ್ತೆ ನಾಲ್ಕು ವರ್ಷದ ಹಿಂದೆ, ತಮ್ಮನ ಕಾರ್ಖಾನೆಯದು ಎಂಬ ಅಭಿಮಾನದಿಂದ, ಮುಂಬಾಗಿಲಿಗೆ ನಮ್ಮ ಏಳನೇ ನಂಬರ್ ಬೀಗ ತಂದು ಹಾಕಿದ್ದಾಳೆ. ಮುಂದಿನ ಪತ್ರ: "ನಿಮ್ಮ ಬೀಗ ಕಚ್ಚಿಕೊಂಡಿದೆ ಕಣೋ, ಏನು ಮಾಡ್ಲಿ?" ಅದರ ಮುಂದಿನದು: "ಒಡೆಸಿಬಿಡಿ ಅಂತಾರೆ ದರ್ಜಿ. ನಿಮ್ಮದು ಅಂತ ಮನಸ್ಸು ಬರ್ತಿಲ್ಲ." ಅದರ ಮುಂದಿನದು: "ಹೋಗಲಿ ಬಿಡು, ಹಿತ್ತಿಲ ಬಾಗಿಲೇ ಅಭ್ಯಾಸ ಆಯ್ತು." ನಾಲ್ಕು ವರ್ಷದಿಂದ ನಮ್ಮಕ್ಕ ತನ್ನ ಮನೆಗೆ ಹಿಂದಿನಿಂದ ಹೋಗಿ ಬರುತ್ತಿದ್ದಾಳೆ.

ಹನ್ನೊಂದು ವರ್ಷಕ್ಕೆ ತಿಂಗಳಿಗೊಂದರಂತೆ ನೂರ ಮೂವತ್ತೆರಡಾಗಬೇಕಿತ್ತು. ಒಂದು ಕಡಿಮೆ. ಅದರ ಹಿಂದಿನ ಪತ್ರದಲ್ಲಿ ಕಾರಣವಿದೆ. "ಮುಂದಿನ ತಿಂಗಳು ಕಣ್ಣಿನ ಆಪರೇಷನ್. ಜೊತೆಗೆ ಯಾರಾದ್ರೂ ಇರಬೇಕಂತೆ. ಬರ್ತೀಯಾ? ಬರಕ್ಕಾಗದಿದ್ರೆ ಪರವಾಗಿಲ್ಲ, ಎರಡು ಸಾಲು ಬರಿ, ಧೈರ್ಯಕ್ಕೆ." ಎರಡು ಸಾಲು ಕೇಳಿದ್ದಳು. ನಾನು ಒಂದು ಬರೆದಿದ್ದೆ. ಏನೆಂದು ನಿಮಗೆ ಗೊತ್ತು. ಅದಾದ ಮೇಲೂ ಬರೆದಳು: "ದರ್ಜಿಯ ಹೆಂಡತಿ ಬಂದಿದ್ರು, ಎಲ್ಲಾ ಸಲೀಸಾಯ್ತು, ಬರಲಿಲ್ಲ ಅಂತ ನೀನು ಮನಸ್ಸಿಗೆ ಹಚ್ಚಿಕೊಳ್ಬೇಡ." ನಾನು ಹಚ್ಚಿಕೊಳ್ಳಲಿಲ್ಲ. ಅಷ್ಟು ವಿಧೇಯ ತಮ್ಮ.

ಹಾಗಾದರೆ ಕಾವಲುಗಾರ ಏನು ಮಾಡಬೇಕು? ನಾನೂ ಇಂಜಿನಿಯರಮ್ಮನೂ ಇದರ ಬಗ್ಗೆ ಮೂರು ದಿನ ವಾದ ಮಾಡಿದೆವು. ಬಾಗಿಲಲ್ಲೇ ತಡೆದು, ಕಾರಣ ಹೇಳಿ ತಿರುಗಿಸುವುದೇ ಮೇಲು ಎಂಬುದು ಅವರ ಮತ. "ಅಷ್ಟು ಕಟುವಾಗಿರಬಾರದಮ್ಮ" ಎಂದೆ. ಅವರು ಹೇಳಿದರು: "ವಾಪಸ್ ಕಳಿಸಿದ್ರೆ ಬರೆದವರಿಗಾದ್ರೂ ಗೊತ್ತಾಗುತ್ತೆ ಸರ್, ಇನ್ನೊಂದು ಸಲ ಬರೀತಾರೆ. ನಿಮ್ಮ ಪದ್ಧತೀಲಿ ಯಾರಿಗೂ ಗೊತ್ತಾಗ್ಲಿಲ್ಲ." ನಿಜ. ಕಟುವಾಗಿದ್ದ ಮೊದಲ ವರ್ಷಗಳಲ್ಲಿ ನಾನು ಯಾರಿಗೂ ಮೋಸ ಮಾಡಿರಲಿಲ್ಲ. ಮೋಸ ಶುರುವಾದದ್ದು ಎಲ್ಲರಿಗೂ ಒಳ್ಳೆಯವನಾದ ಮೇಲೆ.

ಕೊನೆಗೆ ಒಪ್ಪಂದಕ್ಕೆ ಬಂದೆವು. ಸೋಮವಾರದಿಂದ ಓದಲಾಗುವ ಪತ್ರವೆಲ್ಲ ಪೂರ್ತಿ ಒಳಗೆ ಬರುತ್ತದೆ. ಓದಲಾಗದ ಅಕ್ಷರವಿದ್ದ ಕಡೆ ಆ ಕರಿಯ ವಜ್ರ ಕೂರುತ್ತದೆ. ತೀರಾ ಓದಲಾಗದ್ದು ಕಾರಣದೊಂದಿಗೆ ಬರೆದವರಿಗೆ ಮರಳುತ್ತದೆ. ಗುರುತಿಲ್ಲದೆ ಏನನ್ನೂ ತೆಗೆಯುವಂತಿಲ್ಲ. ನಿಮಗೆ ಕಿರಿಕಿರಿಯಾಗುತ್ತದೆ. ಆಗಲಿ. ಆ ಚಿಹ್ನೆ ಕಂಡಾಗ ಇಂಜಿನಿಯರಮ್ಮನಿಗೆ ಫೋನ್ ಮಾಡಿ ಬೈಯಬೇಡಿ. ಪತ್ರ ಬರೆದವರಿಗೆ ಫೋನ್ ಮಾಡಿ, ಇಲ್ಲಿ ಏನಿತ್ತು ಎಂದು ಕೇಳಿ. ಈ ಫಲಕ ನನ್ನ ಮೆಟ್ಟಿಲ ಕೆಳಗಿನ ಕೋಣೆಯಲ್ಲೇ ಇರಲಿ, ಗೋಡೆಗೆ ಮುಖ ಮಾಡಿ.

ಇನ್ನೆರಡು ನಿಮಿಷ, ಅಧ್ಯಕ್ಷರೇ.

ಹತ್ತು ದಿನದ ಹಿಂದೆ ಅಕ್ಕನಿಗೆ ಬರೆಯಲು ಕೂತೆ. ಏಳು ಸಲ ಬರೆದು ಅಳಿಸಿದೆ. ಕೊನೆಗೆ ಹೋದದ್ದು: "ಶುಕ್ರವಾರ ನನ್ನ ಬೀಳ್ಕೊಡುಗೆ. ಬಂದರೆ ಸಂತೋಷ." ಮತ್ತೆ ಒಂದೇ ಸಾಲು, ಅಭ್ಯಾಸಬಲ. ಉತ್ತರ, ಪರೀಕ್ಷೆಗೆಂದು ಓಡುತ್ತಿದ್ದ ಹೊಸ ಯಂತ್ರದ ಮೂಲಕ, ಪೂರ್ತಿ ಬಂತು. "ಬರ್ತೀನಿ. ಮೂರರ ಬಸ್ಸಿಗೆ ಬಂದು ಆರರ ಬಸ್ಸಿಗೆ ಹೋಗ್ತೀನಿ. ಹಿಂದಿನ ಸಾಲಲ್ಲಿ ಕೂತಿರ್ತೀನಿ, ನಿನಗೆ ತೊಂದರೆ ಕೊಡಲ್ಲ."

ಬಂದಿದ್ದಾಳೆ. ಹಿಂದಿನ ಸಾಲು, ಕಂಬದ ಪಕ್ಕ, ಬೂದು ಸ್ವೆಟರ್. ತಿರುಗಿ ನೋಡಬೇಡಿ, ಅವಳಿಗೆ ಸಂಕೋಚ. ನೋಡಿಯೇಬಿಟ್ಟಿರಿ.

ಅವಳಿಗೆ ಈ ಕ್ಷಣದವರೆಗೆ ಇದೊಂದೂ ಗೊತ್ತಿರಲಿಲ್ಲ. ತನ್ನ ತಮ್ಮ ಹನ್ನೊಂದು ವರ್ಷ ಎಲ್ಲ ಓದಿಯೂ "ನಾನೂ ಚೆನ್ನಾಗಿದ್ದೇನೆ" ಎಂದು ಬರೆಯುತ್ತಿದ್ದ ಎಂದೇ ತಿಳಿದು, ಆದರೂ ಬಸ್ ಹತ್ತಿ ಬಂದಿದ್ದಾಳೆ. ಒಬ್ಬಳೇ ಸಿಕ್ಕಾಗ ಹೇಳಬೇಕಿತ್ತು. ಧೈರ್ಯವಾಗಲಿಲ್ಲ. ಅದಕ್ಕೇ ಮುನ್ನೂರು ಜನರ ಮುಂದೆ ಹೇಳುತ್ತಿದ್ದೇನೆ.

ಅಕ್ಕಾ, ಉತ್ತರ ಕೊಡಬಾರದು ಅಂತಲ್ಲ. ನಾನು ಓದೇ ಇರಲಿಲ್ಲ. ಓದದ ಹಾಗೆ ಮಾಡಿಟ್ಟವನೂ ನಾನೇ. ಅಕ್ಷರ ದೊಡ್ಡದು ಮಾಡೋಕೆ ಕಂಟ್ರೋಲ್ ಒತ್ತಿ ಹಿಡ್ಕೊಂಡು ಪ್ಲಸ್ ಒತ್ತು. ನಲ್ಲಿಗೆ ವಾಷರ್ ಹೋಗಿದೆ, ಹಾಕಿಸ್ತೀನಿ. ಕಣ್ಣಿನ ಆಪರೇಷನ್‌ಗೆ ಬರ್ತೀಯಾ ಅಂತ ಕೇಳಿದ್ದೆಯಲ್ಲ, ಬರ್ತಿದ್ದೆ. ಬಂದೇ ಬರ್ತಿದ್ದೆ ಕಣೆ.

ಅವಳು ಕನ್ನಡಕ ತೆಗೆದು ಒರೆಸುತ್ತಿದ್ದಾಳೆ. ಇಲ್ಲಿಂದ ಹಾಗೆ ಕಾಣುತ್ತಿದೆ. ಅವಳ ಮುಖದಲ್ಲಿ ಏನಿದೆಯೋ ನಾನು ಹೇಳಲಾರೆ. ಅದನ್ನು ಓದುವುದರಲ್ಲಿ ನನ್ನ ಸಾಧನೆ ಎಂಥದ್ದೆಂದು ನೀವು ಈಗಷ್ಟೇ ಕೇಳಿದಿರಿ. ಕೆಳಗಿಳಿದು ಅವಳನ್ನೇ ಕೇಳುತ್ತೇನೆ. ಅವಳು ಬೇಡವೆನ್ನದಿದ್ದರೆ ಆರರ ಬಸ್ಸಿನಲ್ಲಿ ನಾನೂ ಇರುತ್ತೇನೆ. ಬೇಡವೆಂದರೆ ಮುಂದಿನ ಬಸ್ಸಿನಲ್ಲಿ.

ಇಷ್ಟು ಹೊತ್ತು ಮಧ್ಯೆ ಎಲ್ಲೂ ಕತ್ತರಿಸದೆ ಕೇಳಿಸಿಕೊಂಡ ನಿಮ್ಮೆಲ್ಲರ ಉಪಕಾರ ಹೊತ್ತಿದ್ದೇನೆ. ಇನ್ನೊಂದೇ ಒಂದು ಸಣ್ಣ ಉಪಕಾರ ಬೇಕು. ದುರಸ್ತಿ ವಿಭಾಗದ ಹಿರಿಯರೇ, ಈಗ ಐದೂವರೆ. ಕಾಫಿಗೆ ಏಳುವ ಮುಂಚೆ, ನಿಮ್ಮ ಜೇಬಿನ ಡಬ್ಬಿಯಿಂದ ಎರಡು ಚಿಟಿಕೆ ಗ್ರಾಫೈಟ್ ಪುಡಿ ಒಂದು ಕಾಗದದಲ್ಲಿ ಕಟ್ಟಿಕೊಡಿ. ಏಳನೇ ನಂಬರ್ ಬೀಗ, ನಾಲ್ಕು ವರ್ಷದಿಂದ ಕಚ್ಚಿಕೊಂಡದ್ದು. ಮೂರು ಚಿಟಿಕೆ ಬೇಕಾಗಬಹುದೇನೋ, ನೀವೇ ನೋಡಿ ಹಾಕಿ. ಕಾಗದ ಬೇಕಿದ್ದರೆ ನನ್ನ ಹತ್ತಿರ ನಾಲ್ಕು ಪುಟವಿದೆ.

ನಮಸ್ಕಾರ.